ತಂಬಿಗೆಯ ಒಪ್ಪಿಗೆ

ನೀಲಗಂಗಾ ಹೇಳಬೇಕೆಂದಿದ್ದ ಮಾತು ಇಷ್ಟೇ: “ಈ ಸೌಖ್ಯಧಾಮ ನಮಗೆ ಬೇಡ.” ಮೊದಲ ಎರಡು ಪದ ಹೇಗೋ ಹೊರಬಂದವು. ಮೂರನೆಯದಕ್ಕೆ ನಾಲಗೆ ಎಂದಿನಂತೆ ಹಟ ಹಿಡಿಯಿತು, ದವಡೆ ಒಂದು ಪಕ್ಕಕ್ಕೆ ಎಳೆಯಿತು, ಕೊರಳ ನರ ಉಬ್ಬಿತು. ಅಷ್ಟರಲ್ಲಿ ಅವಳ ಕೊರಳಿಗೆ ಕಟ್ಟಿದ್ದ ಪಟ್ಟಿ ಇಂಪಾದ ಹೆಣ್ಣುದನಿಯಲ್ಲಿ ಮಾತು ಮುಗಿಸಿಯೇ ಬಿಟ್ಟಿತು: “ಈ ಸೌಖ್ಯಧಾಮಗಳ ಯೋಜನೆ ಬಹಳ ಚೆನ್ನಾಗಿದೆ. ನನ್ನ ಪೂರ್ಣ ಒಪ್ಪಿಗೆ ಇದೆ.”

ಸಭೆಯವರು ಚಪ್ಪಾಳೆ ತಟ್ಟಿದರು. ದಿಲ್ಲಿಯಿಂದ ಬಂದಿದ್ದ ಯೋಜನಾ ಕಾರ್ಯದರ್ಶಿ ಪಾಂಡುರಂಗರಾಯರು ಎದ್ದು ನಿಂತು ಕೈಮುಗಿದರು. ನೀಲಗಂಗಾ ಮೈಯೆಲ್ಲ ಬಿಗಿಹಿಡಿದು “ಅಲ್ಲ” ಎಂದಳು. ಪಟ್ಟಿ ಅದನ್ನೂ ಬಿಡಲಿಲ್ಲ. “ಅಲ್ಲದೆ, ನಮ್ಮಂಥವರನ್ನು ನೆನೆದ ತಮಗೆಲ್ಲ ಧನ್ಯವಾದಗಳು” ಎಂದಿತು. ಮತ್ತೊಂದು ಸುತ್ತು ಚಪ್ಪಾಳೆ.

ಅದನ್ನು ಕಿತ್ತೆಸೆಯೋಣವೆಂದರೆ ಅದರ ಕೊಂಡಿ ಕತ್ತಿನ ಹಿಂದಿತ್ತು. ಕೊಂಡಿ ಮುಂದಿರಲಿ, ನಮ್ಮ ಕೈ ಹಿಂದಕ್ಕೆ ಹೋಗುವುದಿಲ್ಲ ಎಂದು ಅವಳು ತಯಾರಕರಿಗೆ ಬಡಕೊಂಡಿದ್ದಳು. ಮುಂದಿದ್ದರೆ ನೋಡಲು ಚೆನ್ನಾಗಿರುವುದಿಲ್ಲ ಎಂದಿದ್ದರು ಅವರು. ಹೀಗಾಗಿ ವಿಕಲಚೇತನರಿಗಾಗಿ ಮಾಡಿದ ‘ಸಹಬಾಳು’ ಎಂಬ ದೇಶದ ಮೊದಲ ಯೋಜನೆಯ ಸಮಿತಿಯಲ್ಲಿ ಅವರ ಪರವಾಗಿ ಕೂತಿದ್ದ ಏಕೈಕ ಸದಸ್ಯೆ, ಧ್ವನಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವಳು, ಆ ಪಟ್ಟಿಯ ಅರ್ಧ ಕೆಲಸವನ್ನು ತಾನೇ ಮಾಡಿದವಳು, ತಾನು ಹೇಳದ ಮಾತಿಗೆ ಹಾರ ಹಾಕಿಸಿಕೊಂಡು ಕೂತಳು. ಕೂಗಾಡುವಷ್ಟು ಸಿಟ್ಟು ಬಂದಿತ್ತು. ಮುಖದ ಸ್ನಾಯುಗಳು ಅವಳ ಮಾತು ಕೇಳುವವಲ್ಲವಾದ್ದರಿಂದ ನೋಡುವವರಿಗೆ ಅದು ನಗುವಿನ ಹಾಗೆ ಕಂಡಿತು.

ಹುಟ್ಟುವಾಗ ಉಸಿರು ಕಟ್ಟಿ ಮಿದುಳಿನ ಒಂದು ಚೂರಿಗೆ ಪೆಟ್ಟು ಬಿದ್ದವಳು ನೀಲಗಂಗಾ. ಬುದ್ಧಿಗೆ ಏನೂ ಆಗಿರಲಿಲ್ಲ. ಕೈ, ಕಾಲು, ನಾಲಗೆ ಮಾತ್ರ ಸರ್ಕಾರಿ ಕಚೇರಿಯ ಹಾಗೆ, ಹೇಳಿದ ಕೆಲಸವನ್ನು ತಮ್ಮ ಮನಸ್ಸಿಗೆ ಬಂದಾಗ ಮಾಡುತ್ತಿದ್ದವು. ಒಂದು ವಾಕ್ಯಕ್ಕೆ ಅವಳಿಗೆ ಬೇರೆಯವರ ಹತ್ತು ವಾಕ್ಯದಷ್ಟು ಹೊತ್ತು ಬೇಕು. ಕೊಟ್ಟರೆ ಹೇಳುತ್ತಾಳೆ. ಕೊಡುವವರಾರು? ಅವಳು ಬಾಯಿ ತೆರೆದರೆ ಸಾಕು, ಎದುರಿನವರು ತಾವೇ ಮಾತು ಮುಗಿಸುತ್ತಿದ್ದರು. “ನೀರು ಬೇಕಾ? ಮನೆಗೆ ಹೋಗಬೇಕಾ? ಅವ್ವ ಎಲ್ಲಿ?” ಅವಳು ಪ್ರಬಂಧ ಮಂಡಿಸಲು ಹೋದ ವಿಶ್ವವಿದ್ಯಾಲಯದಲ್ಲೂ ಒಬ್ಬ ಪ್ರಾಧ್ಯಾಪಕರು, “ಬಾತ್ ರೂಮ್ ಆ ಕಡೆ ಇದೆ ಕಣಮ್ಮ” ಎಂದಿದ್ದರು.

ಇಂಥವರಿಗೆಂದೇ ಬಂದದ್ದು ‘ಸುವಾಣಿ’ ಎಂಬ ಕೊರಳಪಟ್ಟಿ. ಅದರೊಳಗಿನ ಕೂದಲೆಳೆಯಂಥ ತಂತುಗಳು ಗಂಟಲು ಮತ್ತು ದವಡೆಯ ಸ್ನಾಯುಗಳ ಮಿಡಿತವನ್ನು ಹಿಡಿಯುತ್ತಿದ್ದವು. ಆ ಮಿಡಿತದಿಂದ ವಾಕ್ಯದ ಆರಂಭ ಗೊತ್ತಾದರೆ ಉಳಿದದ್ದನ್ನು ಯಂತ್ರ ಊಹಿಸಿ ಸ್ಪಷ್ಟ ಧ್ವನಿಯಲ್ಲಿ ನುಡಿಯುತ್ತಿತ್ತು. ಎಷ್ಟು ಹೊತ್ತು ಕಾದು ಊಹಿಸಬೇಕು ಎಂಬುದಕ್ಕೆ ಒಂದು ಕಾಯುವ ಮಿತಿ ಇತ್ತು. ಮಿತಿ ಹೆಚ್ಚಾದಷ್ಟೂ ಮಾತು ಮನುಷ್ಯನದು, ಕಡಿಮೆಯಾದಷ್ಟೂ ಯಂತ್ರದ್ದು. ನೀಲಗಂಗಾ ತನ್ನ ಪಟ್ಟಿಯ ಮಿತಿಯನ್ನು ಬೇಕಾದಷ್ಟು ಉದ್ದಕ್ಕಿಟ್ಟುಕೊಂಡಿದ್ದಳು. ಅದನ್ನು ಕಟ್ಟಿಕೊಂಡು ಧಾರವಾಡದ ‘ಸೂಪರ್ ಮಾರ್ಕೆಟ್’ ಎಂಬ ತರಕಾರಿ ಸಂತೆಗೆ ಹೋಗಿ, ಬದನೆಕಾಯಿ ಮಾರುವವಳ ಜೊತೆ ಮೊದಲ ಸಲ ಚೌಕಾಸಿ ಮಾಡಿದ ದಿನ ಅವಳು ಮನೆಗೆ ಬಂದು ಸಂತೋಷ ತಾಳಲಾರದೆ ಅತ್ತಿದ್ದಳು. ಆ ಪಟ್ಟಿಯನ್ನು ಅವಳು ಪ್ರೀತಿಸಿದ್ದಳು ಎಂದೇ ಹೇಳಬೇಕು. ಸಿಟ್ಟು ಅಷ್ಟು ಏರಿದ್ದು ಅದಕ್ಕೇ.

ಸಭೆ ಮುಗಿದದ್ದೇ ತಡ, ಚಕ್ರಕುರ್ಚಿಯನ್ನು ಪ್ರಯೋಗಾಲಯಕ್ಕೆ ನುಗ್ಗಿಸಿದಳು. ಯಂತ್ರದ ಲೆಕ್ಕಾಚಾರ ನೋಡಿಕೊಳ್ಳುವ ರಿಯಾಜ್ ನದಾಫ್ ಪರದೆಯ ಮುಂದೆ ಕೂತು ಚುರುಮುರಿ ತಿನ್ನುತ್ತಿದ್ದ. ನೀಲಗಂಗಾ ಕತ್ತಿನ ಹಿಂಬದಿಯನ್ನು ಅವನತ್ತ ತಿರುಗಿಸಿದಳು. ಅವನು ಕೈ ಒರೆಸಿಕೊಂಡು ಕೊಂಡಿ ಬಿಚ್ಚಿದ.

“ಮಿತಿ... ಯಾರು... ಇಳಿಸಿದ್ದು?” ಎಂದಳು ತನ್ನದೇ ಬಾಯಲ್ಲಿ.

ರಿಯಾಜ್ ಕಾಯುವುದನ್ನು ಬಲ್ಲವನು. ಆದರೆ ಈ ಪ್ರಶ್ನೆಗೆ ಅವನು ಕಣ್ಣು ತಪ್ಪಿಸಿದ. “ನಾನs ಇಳಿಸೇನ್ರಿ ಅಕ್ಕಾರ. ದಿಲ್ಲಿ ಸಾಹೇಬರ ಆಫೀಸಿನಿಂದ ಹೇಳಿದ್ರು. ಸಭಾದಾಗ ಎಲ್ಲಾರೂ ಸುಮ್ನ ಕಾಯ್ಕೊಂತ ಕುಂತ್ರ ಚಲೋ ಕಾಣೂದಿಲ್ಲಂತ. ಮತ್ತ ಅದೇನು ಹೊಸಾದಲ್ರಿ. ಸಮೀಕ್ಷಾದಾಗೂ ಅದs ಮಿತಿ ಇತ್ತು.”

“ಯಾವ... ಸಮೀಕ್ಷಾ?”

“ಊರೂರಿಗೆ ಹೋಗಿ ಮಂದಿಗೆ ಪಟ್ಟಿ ಕಟ್ಟಿ ಕೇಳಿದ್ರಲ್ರಿ, ನಿಮಗ ಏನು ಬೇಕು ಅಂತ. ದಿನಕ್ಕ ಅಷ್ಟ್ ಮನಿ ಮುಗಿಸಬೇಕಂತ ಗಂಟ್ ಬಿದ್ದಿದ್ರು. ಕಾಯಾಕ ಎಲ್ಲಿ ಆಗತೈತ್ರಿ? ಮಿತೀನ ತಳಕ್ಕ ಇಳಿಸಿಬಿಟ್ರು.”

ಆ ಸಮೀಕ್ಷೆಯ ಮೇಲೇ ಇಡೀ ಯೋಜನೆ ನಿಂತಿತ್ತು. ಸರ್ಕಾರದ ಮುಂದೆ ಎರಡು ದಾರಿಗಳಿದ್ದವು. ಒಂದು, ಓಣಿ ಓಣಿಗೆ ಸಂಬಳದ ಸಹಾಯಕರನ್ನು ನೇಮಿಸಿ, ವಿಕಲಚೇತನರು ತಮ್ಮೂರಲ್ಲೇ ತಮಗೆ ಬೇಕಾದ ಹಾಗೆ ಬದುಕುವಂತೆ ಮಾಡುವುದು. ಇನ್ನೊಂದು, ಊರಾಚೆ ದೊಡ್ಡ ದೊಡ್ಡ ಸೌಖ್ಯಧಾಮ ಕಟ್ಟಿಸಿ ಎಲ್ಲರನ್ನೂ ಅಲ್ಲಿಗೆ ಸಾಗಿಸುವುದು. ನೂರಕ್ಕೆ ತೊಂಬತ್ತಾರು ಮಂದಿ ಎರಡನೆಯದಕ್ಕೆ ಒಪ್ಪಿದ್ದಾರೆ ಎಂದು ಪಾಂಡುರಂಗರಾಯರು ಸಭೆಯಲ್ಲಿ ಓದಿದ್ದರು. ಒಪ್ಪಿದವರ ಧ್ವನಿಯನ್ನೂ ಕೇಳಿಸಿದ್ದರು. ಎಲ್ಲವೂ ಇಂಪಾಗಿದ್ದವು.

“ಯಂತ್ರ... ಅವರ ಮಾತು... ಎಲ್ಲಿಂದ... ಕಲೀತು?” ಎಂದು ಕೇಳಿದಳು. ಕೇಳುವಾಗಲೇ ಉತ್ತರ ಅವಳಿಗೆ ಅರ್ಧ ಗೊತ್ತಾಗಿತ್ತು. ಅವಳು ಮಾಡಿದ್ದು ಸ್ನಾಯುವಿನ ಕೆಲಸ. ಮಾತಿನ ಮಾದರಿಗಳನ್ನು ಒದಗಿಸಿದವರು ಬೇರೆಯವರು.

ಯಂತ್ರಕ್ಕೆ ಕಲಿಸಲು ಬಳಸಿದ್ದ, ಅಧಿಕಾರಿಗಳ ಮನೆಭೇಟಿಯ ಹಳೆಯ ಧ್ವನಿಮುದ್ರಿಕೆಗಳನ್ನು ರಿಯಾಜ್ ತೆರೆದು ಒಂದೊಂದಾಗಿ ಕೇಳಿಸಿದ. ಅಧಿಕಾರಿ ಮನೆಗೆ ಬರುತ್ತಾನೆ, ಕುರ್ಚಿ ಹಾಕುತ್ತಾರೆ, ಚಹಾ ಬರುತ್ತದೆ. ಅಧಿಕಾರಿ ಮೂಲೆಯಲ್ಲಿ ಕೂತವನನ್ನು ಕೇಳುತ್ತಾನೆ: “ನಿನಗೆ ಏನು ಬೇಕಪ್ಪ?” ಉತ್ತರ ಕೊಡುವುದು ಅಪ್ಪ. ಅಪ್ಪನಿಲ್ಲದಿದ್ದರೆ ಅಣ್ಣ. ಅಣ್ಣ ಹೊರಗೆ ಹೋಗಿದ್ದರೆ ಅತ್ತಿಗೆ. “ಅವನಿಗೇನ್ ಬೇಕ್ರಿ, ಎರಡ್ ಹೊತ್ತು ಊಟ ಹಾಕಿದ್ರ ಆತು.” “ಆಕಿಗೆ ಏನೂ ತಿಳಿಯಂಗಿಲ್ರಿ, ನಾವ್ ಹೇಳಿದಂಗ ಕೇಳ್ತಾಳ.” ಹಿರಿಯರಿದ್ದಾಗ ಕಿರಿಯರು ಬಾಯಿ ಬಿಡಬಾರದು, ಬಂದ ಸಾಹೇಬರಿಗೆ ಮನೆಯ ಯಜಮಾನನೇ ಉತ್ತರಿಸಬೇಕು. ಇದು ನಮ್ಮ ಮನೆಗಳ ಮರ್ಯಾದೆ. ಬರೆದುಕೊಂಡವರು ಯಜಮಾನನ ಮಾತನ್ನೇ ಮೂಲೆಯವನ ಮಾತೆಂದು ಬರೆದುಕೊಂಡರು. ಯಂತ್ರ ಅದನ್ನೇ ಕಲಿಯಿತು, ಕೊಂಚ ನಯಮಾಡಿ ಪುಸ್ತಕದ ಭಾಷೆಗೆ ತಿರುಗಿಸಿಕೊಂಡಿತು. ಈಗ ಮೂಲೆಯಲ್ಲಿದ್ದವನ ಕೊರಳಿಗೇ ಯಜಮಾನನನ್ನು ಕಟ್ಟಿದ ಹಾಗಾಗಿತ್ತು. ಮೌನಂ ಸಮ್ಮತಿಲಕ್ಷಣಂ ಎಂದು ಹಿರಿಯರು ಹೇಳಿದ್ದರಲ್ಲ, ಅದಕ್ಕೊಂದು ಯಂತ್ರ ಬೇಕಿತ್ತು, ಬಂತು.

“ಯಾರೂ ತಕರಾರು ಮಾಡಿಲ್ಲೇನೋ?” ಎನ್ನಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

“ಮಾಡಿರ್ತಾರ್ರಿ. ತಕರಾರನೂ ಪಟ್ಟಿ ಕಟ್ಟಕೊಂಡs ಹೇಳಬೇಕಲ್ರಿ” ಎಂದ ರಿಯಾಜ್. ಹೇಳಿದ ಮೇಲೆ ಅವನಿಗೆ ಚುರುಮುರಿ ಸೇರಲಿಲ್ಲ.

ಮೊದಲ ಸೌಖ್ಯಧಾಮ ಗದಗಿನ ಹೊರವಲಯದಲ್ಲಿ ಸಿದ್ಧವಾಗಿತ್ತು. ಒಪ್ಪಿ ಮುಂದೆ ಬಂದವರಲ್ಲಿ ಮೊದಲಿಗಳೆಂದು ಸಭೆಯಲ್ಲಿ ಓದಿದ ಹೆಸರು ಬಸಲಿಂಗವ್ವನದು. ಅವಳೂ ನೀಲಗಂಗಾಳೂ ಚಿಕ್ಕಂದಿನಲ್ಲಿ ಒಂದೇ ವಸತಿಶಾಲೆಯಲ್ಲಿ ಕಲಿತವರು, ಇಬ್ಬರಿಗೂ ಒಂದೇ ತೊಂದರೆ. ಒಬ್ಬಳ ವಾಕ್ಯ ಮುಗಿಯುವವರೆಗೆ ಇನ್ನೊಬ್ಬಳು ಕಾಯುತ್ತಿದ್ದಳು. ಅವರಿಬ್ಬರ ಜಗಳವೇ ಸಂಜೆಯಿಡೀ ನಡೆಯುತ್ತಿತ್ತು. ಮುಂದಿನ ವಾರದ ಸಭೆಯಲ್ಲಿ ಯೋಜನೆಗೆ ಮುದ್ರೆ ಬಿದ್ದರೆ, ಮರುದಿನವೇ ಬಸಲಿಂಗಿಯ ಮನೆಗೆ ಗಾಡಿ ಬರುತ್ತಿತ್ತು. ಒಮ್ಮೆ ಹೋದವರು ತಿರುಗಿ ಬರಬೇಕಾದರೆ ಮನೆಯ ಯಜಮಾನನ ಒಪ್ಪಿಗೆ ಬೇಕು ಎಂಬ ನಿಯಮವೂ ಇತ್ತು.

ಮರುದಿನವೇ ರಿಯಾಜನನ್ನು ಕರೆದುಕೊಂಡು ನೀಲಗಂಗಾ ಗದಗಿಗೆ ಹೋದಳು.

ಬಸಲಿಂಗಿಯ ಅಣ್ಣ ವೀರಭದ್ರಪ್ಪನದು ಜವಳಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಬಸಲಿಂಗಿ ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನೀಲಗಂಗಾಳನ್ನು ಕಂಡು ಅವಳ ಮೈಯೆಲ್ಲ ಕುಣಿಯಿತು. ಸಮೀಕ್ಷೆಯವರು ಕಟ್ಟಿಹೋಗಿದ್ದ ಪಟ್ಟಿಯನ್ನು ಅವಳ ಕೊರಳಿಂದ ರಿಯಾಜ್ ಬಿಚ್ಚಿಟ್ಟ.

“ನೀನು... ಒಪ್ಪಿದ್ದಿ... ಏನs?” ಎಂದಳು ನೀಲಗಂಗಾ.

ಚಹಾ ತಂದ ಅತ್ತಿಗೆ ಅಲ್ಲೇ ನಿಂತು, “ಒಪ್ಪ್ಯಾಳ್ರಿ. ಆಕೀಗೂ ಅಲ್ಲಿ ನಾಕ್ ಮಂದಿ ಜೊತಿ ಆಗತೈತಿ” ಎಂದಳು. ರಿಯಾಜ್ ಅವಳನ್ನು ಏನೋ ನೆಪ ಹೇಳಿ ಅಂಗಡಿಯ ಕಡೆ ಕರೆದೊಯ್ದ. ಆಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಬಸಲಿಂಗಿ ಮಾತು ಕೂಡಿಸತೊಡಗಿದಳು. ಹೊರಗೆ ಅಂಗಡಿಯಲ್ಲಿ ಯಾರೋ ಸೀರೆಯ ಅಂಚು ನೋಡಿ, ಬಣ್ಣ ನೋಡಿ, ಬೇಡವೆಂದು ಎದ್ದು ಹೋದರು. ಅಷ್ಟು ಹೊತ್ತಿಗೆ ಅವಳ ವಾಕ್ಯ ಮುಗಿಯಿತು.

“ಅವರು... ಕೇಳಿದ್ರು. ಪಟ್ಟಿನs... ಹೇಳ್ತು. ನಾ... ಕುಂತು... ಕೇಳಿದೆ.”

ನೀಲಗಂಗಾಳ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. “ಹಂಗಾರ... ನಿನಗ... ಏನು ಬೇಕು?” ಎಂದು ಕೇಳಿದಳು.

ಬಸಲಿಂಗಿ ಇನ್ನೂ ಉಸಿರು ಎಳೆದುಕೊಳ್ಳುತ್ತಿದ್ದಳು, ವೀರಭದ್ರಪ್ಪ ಒಳಗೆ ಬಂದ. ಕೆಟ್ಟ ಮನುಷ್ಯನಲ್ಲ ಅವನು, ಸೋತ ಮನುಷ್ಯ. “ಏನ್ ಕಡಿಮಿ ಮಾಡೇವ್ರಿ ಆಕಿಗೆ?” ಎಂದು ನಿಂತಲ್ಲೇ ಶುರುಮಾಡಿದ. “ಇಷ್ಟ್ ವರ್ಷ ಎತ್ತಿ ಎತ್ತಿ ನನ್ನ ಹೆಣ್ತಿ ಸೊಂಟ ಹೋಗೇತಿ. ಒಂದ್ ದಿನಾ ಯಾವ ಸರ್ಕಾರದವ್ರು ಬಂದು ಒಂದ್ ಕೈ ಹಿಡದಿಲ್ಲ. ಈಗ ಕರಕೊಂಡ್ ಹೋಗ್ತೀವಿ ಅಂತಾರ, ಹೋಗ್ಲಿ ಬಿಡ್ರಿ. ಆಕಿನೂ ಹೂಂ ಅಂದಾಳ. ನನ್ನ ಕಿವೀಲೆ ಕೇಳೇನಿ.”

ಅವನು ಕೇಳಿದ್ದು ತನ್ನದೇ ಮಾತನ್ನು ಎಂದು ಅವನಿಗೆ ಹೇಗೆ ಹೇಳುವುದು? ಹೇಳುವಷ್ಟು ಹೊತ್ತು ಅವನು ನಿಲ್ಲಲಿಲ್ಲ, ಗಿರಾಕಿ ಬಂದಿತ್ತು. ಬಸಲಿಂಗಿ ತೆರೆದ ಬಾಯನ್ನು ಮುಚ್ಚಿಕೊಂಡಳು. ಅಂದು ಮತ್ತೆ ತೆರೆಯಲಿಲ್ಲ.

ತಿರುಗಿ ಬರುವಾಗ ನೀಲಗಂಗಾ ಹುಬ್ಬಳ್ಳಿ ದಾಟಿದ ಮೇಲೆ ರಿಯಾಜನಿಗೆ ಒಂದು ಕೆಲಸ ಹೇಳಿದಳು. ಅವನು ಅದನ್ನು ಕೇಳಿ ಮೊದಲು ನಕ್ಕ, ಆಮೇಲೆ “ನನ್ನ ನೌಕರಿ ಹೋಗತೈತ್ರಿ ಅಕ್ಕಾರ” ಎಂದ, ಕೊನೆಗೆ “ಹೋಗ್ಲಿ ತಗೋರಿ” ಎಂದ.

ಮುಂದಿನ ವಾರ ಸಭೆ ಕೂಡಿತು. ಯೋಜನೆಯ ಪ್ರತಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಪಾಂಡುರಂಗರಾಯರು ಗಂಟಲು ಸರಿಮಾಡಿಕೊಂಡು, “ನಮ್ಮ ಸದಸ್ಯೆಯವರಿಂದ ಎರಡು ಮಾತು” ಎಂದರು. ನೀಲಗಂಗಾಳ ಕೊರಳು ಬರಿದಾಗಿತ್ತು. ರಿಯಾಜ್ ಎದ್ದು ಬಂದು ಮೇಜಿನ ಮೇಲೆ ನೀರು ತುಂಬಿದ ಒಂದು ಹಿತ್ತಾಳೆಯ ತಂಬಿಗೆ ಇಟ್ಟ. ಅದರ ಕುತ್ತಿಗೆಗೆ ಸುವಾಣಿ ಪಟ್ಟಿ ಕಟ್ಟಿದ. ಕೋಣೆಯ ಏರ್ ಕೂಲರಿನ ಗುಡುಗುಡುಗೆ ಮೇಜು ಸಣ್ಣಗೆ ನಡುಗುತ್ತಿತ್ತು, ತಂಬಿಗೆಯ ನೀರೂ ನಡುಗುತ್ತಿತ್ತು. ಪಟ್ಟಿಗೆ ಅಷ್ಟು ಮಿಡಿತ ಸಾಕಾಗಿತ್ತು.

“ಸಮೀಕ್ಷಾದಾಗ ಇದ್ದ ಮಿತಿ ಇದು, ಪ್ರಶ್ನೆನೂ ಅವs ಸರ್” ಎಂದು ರಿಯಾಜ್ ಓದತೊಡಗಿದ. “ನಿಮಗೆ ಮನೆಯಲ್ಲಿ ಏನಾದರೂ ತೊಂದರೆ ಇದೆಯೇ?”

“ಇಲ್ಲ. ಮನೆಯವರು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆ” ಎಂದಿತು ತಂಬಿಗೆ, ಇಂಪಾಗಿ.

“ನಿಮಗೆ ಹೊರಗೆ ಹೋಗಿ ದುಡಿಯುವ ಆಸೆ ಇದೆಯೇ?”

“ನನ್ನಿಂದ ಏನಾಗುತ್ತದೆ? ಹೀಗೇ ಆರಾಮವಾಗಿದ್ದೇನೆ.”

“ಸೌಖ್ಯಧಾಮಕ್ಕೆ ಹೋಗಲು ನಿಮ್ಮ ಒಪ್ಪಿಗೆ ಇದೆಯೇ?”

“ಹಿರಿಯರು ಹೇಳಿದ ಹಾಗೆ ಆಗಲಿ. ತಮಗೆಲ್ಲ ಧನ್ಯವಾದಗಳು.”

“ತಂಬಿಗಿ ಒಪ್ಪೇತ್ರಿ ಸರ್. ಗಾಡಿ ಯಾವಾಗ ಕಳಸ್ತೀರಿ?” ಎಂದ ರಿಯಾಜ್.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ತಕ್ಷಣ ಕೆಮ್ಮಿದರು. ಪಾಂಡುರಂಗರಾಯರ ಮುಖ ಕೆಂಪಾಯಿತು. “ಏನ್ರೀ ಇದು ಹುಡುಗಾಟ? ಯಂತ್ರದಲ್ಲೇನೋ ದೋಷ ಇದೆ, ಸರಿಪಡಿಸೋಣ. ಅದಕ್ಕೆ ಇಷ್ಟು ದೊಡ್ಡ ಯೋಜನೆ ನಿಲ್ಲಿಸೋಕಾಗುತ್ತಾ?”

“ದೋಷ... ಅಲ್ಲ” ಎಂದಳು ನೀಲಗಂಗಾ. ಪಟ್ಟಿಯ ಅಡ್ಡಿಯಿಲ್ಲದೆ ಸಭೆ ಅವಳ ನಿಜವಾದ ಧ್ವನಿಯನ್ನು ಕೇಳಿದ್ದು ಅದೇ ಮೊದಲು. ಒರಟು ಧ್ವನಿ, ಒಂದೊಂದು ಅಕ್ಷರಕ್ಕೂ ಮೈ ಹಿಂಡುವ ಧ್ವನಿ. “ಯಂತ್ರ... ಸರಿಯಾಗೇ...”

“ಯಂತ್ರ ಸರಿಯಾಗೇ ಇದೆ, ಬಳಸಿದವರು ತಪ್ಪು ಮಾಡಿದ್ದಾರೆ ಅಂತ ಅವರು ಹೇಳ್ತಿರೋದು” ಎಂದು ಪಕ್ಕದ ಅಧಿಕಾರಿಯೊಬ್ಬ ನೆರವಿಗೆ ಬಂದ.

ನೀಲಗಂಗಾ ಮೇಜಿಗೆ ಗುದ್ದಿದಳು. ತಂಬಿಗೆ ಉರುಳಿ ರೇಷ್ಮೆ ಬಟ್ಟೆಯೆಲ್ಲ ನೆನೆಯಿತು. ತಂಬಿಗೆ ಬಿದ್ದಲ್ಲಿಂದಲೇ ಧನ್ಯವಾದ ಹೇಳಿತು. ರಿಯಾಜ್ ಅದರ ಕೊಂಡಿ ಬಿಚ್ಚಿದ. ಅವಳು ಮೊದಲ ಪದದಿಂದ ಮತ್ತೆ ಶುರುಮಾಡಿದಳು. ಇನ್ಯಾರೋ ಬಾಯಿ ಹಾಕಿದರು. ಮತ್ತೆ ಮೊದಲಿಂದ ಶುರುಮಾಡಿದಳು. ಮೂರನೆಯ ಸಲ ಯಾರೂ ಬಾಯಿ ಹಾಕಲಿಲ್ಲ.

“ಯಂತ್ರ... ಸರಿಯಾಗೇ... ಕಲಿತೈತಿ. ನಮ್ಮ... ಮನ್ಯಾಗ... ಮಾಡೂದನ್ನs... ಅದು ಮಾಡ್ತು. ನಮ್ಮ ಬಾಯಿ... ಕಸಗೊಂಡು... ನಮ್ಮ ಹೆಸರಿಲೆ... ಮಾತಾಡ್ತು.”

ಪಾಂಡುರಂಗರಾಯರು ನೆನೆದ ರೇಷ್ಮೆ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ, “ಮೇಡಂ, ನನ್ನ ಕಷ್ಟಾನೂ ನೋಡಿ. ಎಷ್ಟು ಲಕ್ಷ ಜನ! ಒಬ್ಬೊಬ್ಬರ ಮುಂದೆ ಹೀಗೆ ಕಾಯ್ತಾ ಕೂತರೆ ನನಗೆ ಈ ಜನ್ಮ ಸಾಲದು” ಎಂದರು.

“ಅವರ ಜನ್ಮ... ಕಾಯೂದ್ರಾಗs... ಹೋಗೇತಿ” ಎಂದಳು ನೀಲಗಂಗಾ. “ನೀವು... ಒಬ್ಬಳ ಮುಂದ... ಕೂಡ್ರಿ. ಒಬ್ಬಳs. ಆಮ್ಯಾಲ... ಬೇಕಾದ್ರ... ಮುದ್ರೆ ಹಾಕ್ರಿ.”

ಹಿಂದಿನ ಸಾಲಿನ ನಗೆ ಇನ್ನೂ ಅವರ ಕಿವಿಯಲ್ಲಿತ್ತೋ, ಅಥವಾ ನಿಜಕ್ಕೂ ಮನಸ್ಸಿಗೆ ತಾಕಿತೋ, ಹೇಳುವುದು ಕಷ್ಟ. ಅಂತೂ ಪಾಂಡುರಂಗರಾಯರು ಮುದ್ರೆಯನ್ನು ಪೆಟ್ಟಿಗೆಗೆ ಹಾಕಿಸಿದರು, ಗದಗಿಗೆ ಬರುತ್ತೇನೆ ಎಂದರು.

ದಿಲ್ಲಿಯ ಸಾಹೇಬರು ಬರುತ್ತಾರೆಂದು ವೀರಭದ್ರಪ್ಪ ಅಂಗಡಿ ಮುಚ್ಚಿದ್ದ. ಹೊಸ ಜಮಖಾನೆ ಹಾಸಿತ್ತು. ಬಸಲಿಂಗಿಗೆ ಹೊಸ ಸೀರೆ ಉಡಿಸಿ, ಹಿತ್ತಲ ಕೋಣೆಯಿಂದ ಎತ್ತಿ ತಂದು ಪಡಸಾಲೆಯಲ್ಲಿ ಕೂರಿಸಿದ್ದರು. ಪಾಂಡುರಂಗರಾಯರು ಕುರ್ಚಿ ಬೇಡವೆಂದು ಅವಳೆದುರು ನೆಲಕ್ಕೇ ಕೂತರು. ನೀಲಗಂಗಾ ಬಾಗಿಲ ಹತ್ತಿರ ಕುರ್ಚಿ ನಿಲ್ಲಿಸಿಕೊಂಡಳು.

“ತಾಯಿ, ಸೌಖ್ಯಧಾಮಕ್ಕೆ ಹೋಗೋಕೆ ನಿಮಗೆ ಇಷ್ಟ ಇದೆಯಾ?” ಎಂದು ಕೇಳಿದರು ರಾಯರು.

“ಅದನ್ನ ಆಗಲೇ ಹೇಳ್ಯಾಳ್ರಿ ಸಾಹೇಬ್ರ...” ಎಂದು ವೀರಭದ್ರಪ್ಪ ಮುಂದೆ ಬಂದ.

“ನೀವು ಸುಮ್ಮನಿರಿ” ಎಂದರು ರಾಯರು.

“ಇಲ್ಲ” ಎಂದಳು ಬಸಲಿಂಗಿ. ಒಂದೇ ಪದ. ಅದಕ್ಕೇ ಅವಳ ಹಣೆ ಬೆವತಿತು. ಅತ್ತಿಗೆ ಸೊಂಟಕ್ಕೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದಳು.

“ಹಾಗಾದರೆ ನಿಮಗೆ ಏನು ಬೇಕು?”

ಬಸಲಿಂಗಿ ಶುರುಮಾಡಿದಳು. “ನನಗ...” ಎಂದು ತಡೆದಳು. ರಾಯರ ತುಟಿ ತಾನಾಗಿ ಅಲ್ಲಾಡಿತು. ಮನೆಯಲ್ಲೇ ಇರಬೇಕು ಅಂತಲಾ, ಒಳ್ಳೆಯ ಡಾಕ್ಟರು ಬೇಕಾ, ಹೀಗೆ ನಾಲಗೆಯ ತುದಿಯಲ್ಲಿ ನಾಲ್ಕಾರು ವಾಕ್ಯ ಸಾಲುಗಟ್ಟಿ ನಿಂತಿದ್ದುದು ನೀಲಗಂಗಾಳಿಗೆ ಕಾಣುತ್ತಿತ್ತು. ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಕೊರಳಲ್ಲಿ ಬೆವರಿಳಿಯಿತು. ಬೀದಿಯಲ್ಲಿ ಬಾಳೆಹಣ್ಣಿನ ಗಾಡಿಯವನು ಕೂಗುತ್ತ ಬಂದು, ವ್ಯಾಪಾರ ಮಾಡಿ, ಕೂಗುತ್ತ ಹೋದ. ಬಸಲಿಂಗಿ ಒಂದೊಂದೇ ಪದವನ್ನು ಎಳೆದು ತಂದು ಅವರ ಮುಂದಿಟ್ಟಳು.

“ನನಗ... ಇದs... ಓಣ್ಯಾಗ... ಬ್ಯಾರೆ... ಕೋಲಿ... ಬೇಕು. ಅದರ... ಚಿಲಕ... ಒಳಗ... ಇರಬೇಕು.”

ಬೇರೆ ಕೋಣೆ ಎಂದದ್ದು ರಾಯರಿಗೆ ತಿಳಿಯಿತು, ಚಿಲಕದ ಮಾತು ತಿಳಿಯಲಿಲ್ಲ. ಚಿಲಕ ಒಳಗೇ ತಾನೆ ಇರುವುದು ಎಂದು ವೀರಭದ್ರಪ್ಪನತ್ತ ನೋಡಿದರು. ಅವನು ತಲೆ ಎತ್ತಲಿಲ್ಲ. ಅತ್ತಿಗೆ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಹೋಗಿಬಿಟ್ಟಳು. ಆಗ ರಾಯರು ತಾವೇ ಎದ್ದು ಹಿತ್ತಲ ಕಡೆಯ ಕೋಣೆಯವರೆಗೆ ನಡೆದು ಹೋದರು. ಬಾಗಿಲಿನ ಒಳಮೈಯಲ್ಲಿ ಬಟ್ಟೆ ತೂಗುಹಾಕುವ ಮೊಳೆ ಮಾತ್ರ ಇತ್ತು. ಚಿಲಕ ಹೊರಗಿತ್ತು.